ಪ್ರೆಸ್ ಹಾಕಬೇಕಾ?

ಕೇಳುಗರಿಗೆ ನಮಸ್ಕಾರ.

ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಹಾಕಬೇಕಾ ಬೇಡವಾ ಅನ್ನುವುದು ಇವತ್ತಿನ ಮಾತು. ಒಂದು ಪೆಟ್ಟಿಗೆ ವಿಸಿಟಿಂಗ್ ಕಾರ್ಡಿನಿಂದ ಶುರು ಮಾಡುತ್ತೇನೆ. ಸಾವಿರ ಕಾರ್ಡು. ಒಂದೊಂದೂ 85 ಮಿಲಿಮೀಟರ್ ಅಗಲ, 55 ಮಿಲಿಮೀಟರ್ ಎತ್ತರ. ಕಂಪ್ಯೂಟರ್ ಫೈಲಿನಿಂದ ನೇರವಾಗಿ ಅಚ್ಚು ಹಾಕುವ ಡಿಜಿಟಲ್ ಪ್ರೆಸ್‌ಗಳಲ್ಲಿ ಬಳಸುವ ಎಸ್‌ಆರ್‌ಎ3 ಹಾಳೆ 450ಕ್ಕೆ 320 ಮಿಲಿಮೀಟರ್ ಇರುತ್ತದೆ. ಸುತ್ತ ಕತ್ತರಿಗೆ ಜಾಗ ಬಿಟ್ಟು ಜೋಡಿಸಿದರೂ ಒಂದು ಹಾಳೆಯಲ್ಲಿ 20 ಕಾರ್ಡು ಕೂರುತ್ತವೆ. ಅಂದರೆ ಸಾವಿರ ಕಾರ್ಡಿಗೆ ಬರೀ 50 ಹಾಳೆ. ಎರಡೂ ಮಗ್ಗುಲು ಅಚ್ಚು ಹಾಕಿದರೂ ಯಂತ್ರಕ್ಕೆ ಅದು ಐದು ನಿಮಿಷದ ಕೆಲಸ.

ಅಸಲಿ ಕೆಲಸ ಇರುವುದು ಆಮೇಲೆ. ಹಾಳೆಗಳನ್ನು ತಟ್ಟಿ ಅಂಚು ಸಮ ಮಾಡಬೇಕು. ಕಟಿಂಗ್ ಮಷಿನ್ ಕೆಳಗೆ ಇಡಬೇಕು. ಕಾರ್ಡಿನ ಬಣ್ಣ ಅಂಚಿನವರೆಗೂ ಇದ್ದರೆ ಪಕ್ಕಪಕ್ಕದ ಎರಡು ಕಾರ್ಡಿನ ನಡುವೆ ಒಂದು ಸಲ ಕತ್ತರಿಸಿದರೆ ಸಾಲದು, ಎರಡು ಸಲ ಕತ್ತರಿಸಬೇಕು. ಬ್ಲೇಡು ಮೊಂಡಾಗಿದ್ದರಂತೂ ಕೇಳಲೇಬೇಡಿ. ಮೇಲಿನ ಕಾರ್ಡು ಒಂದು ಅಳತೆ, ಕೆಳಗಿನದು ಇನ್ನೊಂದು ಅಳತೆ. ಆಮೇಲೆ ಎಣಿಸಿ, ಕೊಳೆಯಾದದ್ದನ್ನು ಆರಿಸಿ ತೆಗೆದು, ಪೆಟ್ಟಿಗೆಗೆ ತುಂಬುವ ಹೊತ್ತಿಗೆ ಒಂದು ಗಂಟೆ ಹೋಗಿರುತ್ತದೆ. ಅದಕ್ಕೂ ಮುಂಚೆ ಗಿರಾಕಿ ಫೋನಿನಿಂದ ಕಳಿಸಿದ ಮಸುಕು ಲೋಗೋವನ್ನು ಕೂತು ಮತ್ತೆ ಬರೆದಿರುತ್ತೀರಿ. ಅದಕ್ಕೆ ಇನ್ನೊಂದು ಗಂಟೆ.

ಬಹಳ ವರ್ಷ ಈ ಕೆಲಸದಲ್ಲಿ ಕೈ ಮಸಿ ಮಾಡಿಕೊಂಡವನು ನಾನು. ಸಣ್ಣದಾಗಿ ಒಂದು ಪ್ರೆಸ್ ಹಾಕೋಣ ಅಂತಿದ್ದೀನಿ, ಏನಂತೀರಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಯಾವ ಮಷಿನ್ ತಗೊಳ್ಳಲಿ? ನಿಮಿಷಕ್ಕೆ 30 ಹಾಳೆಯದ್ದೋ, 60ರದ್ದೋ? ನಾನು ಆ ಪೆಟ್ಟಿಗೆ ಕಾರ್ಡಿನ ಕತೆ ಹೇಳುತ್ತೇನೆ. ವೇಗ ಎರಡರಷ್ಟಾದರೆ ನಿಮಗೆ ಉಳಿಯುವುದು ಎರಡೂವರೆ ನಿಮಿಷ. ನಿಮಿಷಕ್ಕೆ 30 ಹಾಳೆ ಅಂದರೆ ಗಂಟೆಗೆ 1800. ಎಂಟು ಗಂಟೆಗೆ 14,400. ದಿನಕ್ಕೆ ಅಷ್ಟು ಅಚ್ಚು ಹಾಕಿಸುವ ಗಿರಾಕಿಗಳು ನಿಮ್ಮ ಬಾಗಿಲಲ್ಲಿ ನಿಂತಿದ್ದಾರಾ? ಇದ್ದರೆ ನನ್ನನ್ನು ಕೇಳುವ ಅಗತ್ಯವೇ ಇಲ್ಲ ಬಿಡಿ.

ಹಾಗಾದರೆ ಆಫ್‌ಸೆಟ್ ಹಾಕೋದಾ, ಡಿಜಿಟಲ್ಲಾ? ಇದು ಇಷ್ಟಾನಿಷ್ಟದ ಮಾತಲ್ಲ, ಲೆಕ್ಕದ ಮಾತು. ಆಫ್‌ಸೆಟ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಅಂತ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು, ಅಂದರೆ ಅಚ್ಚಿನ ತಗಡು, ಮಾಡಬೇಕು. ಪ್ಲೇಟಿನಿಂದ ಮಸಿ ಬ್ಲಾಂಕೆಟ್ ಎನ್ನುವ ರಬ್ಬರ್ ಹೊದಿಕೆಗೆ, ಬ್ಲಾಂಕೆಟ್‌ನಿಂದ ಹಾಳೆಗೆ. ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವವರೆಗೆ ಒಂದಷ್ಟು ಹಾಳೆ ರದ್ದಿಗೆ ಹೋಗುತ್ತವೆ. ಒಂದೇ ಒಂದು ಪ್ರತಿ ಬೇಕೆಂದರೂ ಇಷ್ಟೂ ಖರ್ಚು ಆಗಲೇಬೇಕು. ಒಮ್ಮೆ ಕೂತ ಮೇಲೆ ಮಾತ್ರ ಒಂದೊಂದು ಹಾಳೆಗೂ ಪುಡಿಗಾಸು. ಡಿಜಿಟಲ್‌ನಲ್ಲಿ ಪ್ಲೇಟಿಲ್ಲ, ತಯಾರಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮೊದಲ ಹಾಳೆಗೆ ಎಷ್ಟು ಖರ್ಚೋ, ಸಾವಿರನೇ ಹಾಳೆಗೂ ಅಷ್ಟೇ.

ಸುಮ್ನೆ ಲೆಕ್ಕಕ್ಕೆ ಹಿಡಿಯೋಣ. ಆಫ್‌ಸೆಟ್‌ನಲ್ಲಿ ತಯಾರಿಗೆ 1500 ಪಾಲು, ಆಮೇಲೆ ಹಾಳೆಗೆ ಒಂದು ಪಾಲು. ಡಿಜಿಟಲ್‌ನಲ್ಲಿ ತಯಾರಿ ಇಲ್ಲ, ಹಾಳೆಗೆ ನಾಲ್ಕು ಪಾಲು. 500 ಹಾಳೆಗೆ ಎರಡೂ ಸರಿಸಮ, 2000 ಪಾಲು. ಅದಕ್ಕಿಂತ ಕಡಿಮೆಯಾದರೆ ಡಿಜಿಟಲ್ ಅಗ್ಗ, ಜಾಸ್ತಿಯಾದರೆ ಆಫ್‌ಸೆಟ್. ಈ ಅಂಕಿಗಳು ನಾನು ಹಿಡಿದವು. ನಿಮಗೆ ಸಿಗುವ ದರ ಹಾಕಿ ನೀವೇ ಮಾಡಿ, ನಿಮ್ಮ ಗಡಿ ಎಲ್ಲಿದೆ ಅಂತ ಕಾಗದದ ಮೇಲೆ ಬರುತ್ತದೆ. ಆಮೇಲೆ ನಿಮಗೆ ಬರಬಹುದಾದ ಆರ್ಡರುಗಳು ಆ ಗಡಿಯ ಈಚೆಯವೋ ಆಚೆಯವೋ ನೋಡಿ. ಸಣ್ಣ ಪ್ರೆಸ್ಸಿಗೆ ಬರುವವರಲ್ಲಿ ಹೆಚ್ಚಿನವರು ಈಚೆಯವರೇ.

ಇಂಕ್‌ಜೆಟ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಅದು ಸುಮ್ಮನೆ ಕೂತರೂ ತಿನ್ನುತ್ತದೆ. ಮಸಿ ಚಿಮ್ಮಿಸುವ ಹೆಡ್ಡು ಒಣಗಿ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಯಂತ್ರ ತಾನೇ ಮಸಿ ಹರಿಸಿ ತೊಳೆದುಕೊಳ್ಳುತ್ತದೆ. ವಾರಕ್ಕೆ ಎರಡು ಆರ್ಡರ್ ಇರುವವನಿಗೆ ಮಾರುವ ಮಸಿಗಿಂತ ತೊಳೆಯುವ ಮಸಿಯೇ ಜಾಸ್ತಿಯಾಗಬಹುದು.

ಇನ್ನು ದುಡ್ಡಿನ ಮಾತು. ಜರ್ಮನಿಯ ಮೈನ್ಸ್ ಊರಿನ ಗುಟೆನ್‌ಬರ್ಗ್ ಹೆಸರು ಎಲ್ಲರೂ ಕೇಳಿದ್ದೀರಿ. ಯುರೋಪಿನಲ್ಲಿ ಬಿಡಿ ಅಚ್ಚುಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುವುದನ್ನು ಶುರು ಮಾಡಿದವನು. ಅವನ ಸಾಲದ ಕತೆ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. 1450ರ ಹೊತ್ತಿಗೆ ಯೋಹಾನ್ ಫುಸ್ಟ್ ಎಂಬ ಸಾಹುಕಾರನಿಂದ 800 ಗಿಲ್ಡರ್, ಅಂದರೆ ಆಗಿನ ಚಿನ್ನದ ನಾಣ್ಯ, ಸಾಲ ತಂದ. ಎರಡು ವರ್ಷದಲ್ಲಿ ಅದು ಸಾಲದೆ ಮತ್ತೆ 800. ಬೈಬಲ್ ಅಚ್ಚಾಗುತ್ತಿತ್ತು. 1455ರ ಮಾರ್ಚಿನ ಒಂದು ಪತ್ರದಲ್ಲಿ, ಕೆಲಸ ಮುಗಿಯುವ ಮುಂಚೆಯೇ ಅಷ್ಟೂ ಪ್ರತಿಗೆ ಕೊಳ್ಳುವವರು ಸಿಕ್ಕಿದ್ದಾರೆ ಎಂಬ ಸುದ್ದಿ ಇದೆ. ಗಿರಾಕಿ ಇದ್ದಾರೆ, ಸರಕು ಇನ್ನೇನು ಸಿದ್ಧ. ಆದರೂ ಅದೇ ವರ್ಷ ನವೆಂಬರ್ ಹೊತ್ತಿಗೆ ಫುಸ್ಟ್ ಹಾಕಿದ ದಾವೆಯಲ್ಲಿ ಗುಟೆನ್‌ಬರ್ಗ್ ಸೋತಿದ್ದ. ಅಸಲು ಬಡ್ಡಿ ಸೇರಿ ಫುಸ್ಟ್ ಕೇಳಿದ್ದು 2000 ಗಿಲ್ಡರ್‌ಗೂ ಜಾಸ್ತಿ. 1457ರಲ್ಲಿ ಮೈನ್ಸ್‌ನಿಂದ ಹೊರಬಂದ ಚಂದದ ಕೀರ್ತನೆಗಳ ಪುಸ್ತಕದ ಮೇಲೆ ಇದ್ದದ್ದು ಫುಸ್ಟ್ ಮತ್ತು ಪೀಟರ್ ಶೋಫರ್ ಹೆಸರು. ಶೋಫರ್ ಒಂದು ಕಾಲಕ್ಕೆ ಗುಟೆನ್‌ಬರ್ಗ್ ಜೊತೆ ಕೆಲಸ ಮಾಡಿದವನು.

ಗುಟೆನ್‌ಬರ್ಗ್ ಕೆಲಸದಲ್ಲಿ ಕೊರತೆ ಇರಲಿಲ್ಲ. ದುಡ್ಡು ಹೋಗುವುದು ಮೊದಲು, ಬರುವುದು ಕೊನೆಗೆ. ಆ ನಡುವಿನ ಕಾಲ ಅವನನ್ನು ನುಂಗಿತು. ಇವತ್ತಿಗೂ ಪ್ರೆಸ್ಸಿನ ಪಾಡು ಇದೇ. ಪೇಪರ್ ಅಂಗಡಿಯವನಿಗೆ ನಗದು ಕೊಡಬೇಕು. ಮಷಿನ್ ಕಂತು ತಿಂಗಳಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಗಿರಾಕಿ ಮಾತ್ರ, ಬಿಲ್ ಕಳಿಸಿ ನೋಡೋಣ ಅನ್ನುತ್ತಾರೆ. ಅಚ್ಚಾದ ಸರಕನ್ನು ಇನ್ನೊಬ್ಬರಿಗೆ ಮಾರುವ ಹಾಗೂ ಇಲ್ಲ. ಒಬ್ಬರ ಹೆಸರಿರುವ ಲೆಟರ್‌ಹೆಡ್ ಬೇರೆಯವರಿಗೆ ಯಾತಕ್ಕೆ, ಅಲ್ವಾ? ಅದಕ್ಕೇ ಪೇಪರಿನ ದುಡ್ಡಾದರೂ ಮುಂಗಡ ಬರಬೇಕು. ಕೇಳಲು ಸಂಕೋಚ ಪಡುವ ಸ್ವಭಾವದವರಾದರೆ, ಈ ಕೆಲಸಕ್ಕೆ ಕೇಳುವ ಬಾಯಿ ಇರುವ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ.

ನನ್ನದೇ ಒಂದು ಪೆಟ್ಟಿನ ಕತೆ ಹೇಳುತ್ತೇನೆ. ಶುರುವಿನ ದಿನಗಳು. 50 ಬಿಲ್ ಬುಕ್ಕಿನ ಆರ್ಡರ್. ನಂಬರಿಂಗ್ ಆಯಿತು, ಹರಿಯಲು ತೂತಿನ ಸಾಲು ಹೊಡೆದದ್ದಾಯಿತು, ಪಿನ್ ಹಾಕಿ ಬೈಂಡಿಂಗ್ ಕೂಡ ಮುಗಿಯಿತು. ಕಟ್ಟು ಬಿಚ್ಚಿದ ಗಿರಾಕಿ ಬೆರಳಿಟ್ಟು ತೋರಿಸಿದರು. ಫೋನ್ ನಂಬರಿನಲ್ಲಿ 6 ಇರಬೇಕಾದ ಕಡೆ 9. ಕರಡು ತೋರಿಸಿದ್ದೆ. ಸರಿ ಇದೆ, ಹಾಕಿ ಅಂದಿದ್ದರು. ಬಾಯಿ ಮಾತಲ್ಲಿ. ಸಹಿ ಹಾಕಿಸಿಕೊಂಡಿರಲಿಲ್ಲ. ನಾನೂ ಆ ನಂಬರನ್ನು ಮೂಲದ ಜೊತೆ ಹಿಡಿದು ನೋಡಿರಲಿಲ್ಲ. 50 ಪುಸ್ತಕವೂ ರದ್ದಿಗೆ, ಮತ್ತೆ 50 ನನ್ನ ಖರ್ಚಿನಲ್ಲಿ. ಆ ತಿಂಗಳ ಸಂಪಾದನೆ ಅಲ್ಲಿಗೆ ಸರಿಹೋಯಿತು. ಅವತ್ತಿನಿಂದ ಕರಡಿಗೆ ಸಹಿ ಇಲ್ಲದೆ ಮಷಿನ್ ಸ್ವಿಚ್ ಮುಟ್ಟಿಲ್ಲ. ನಂಬರುಗಳನ್ನು ಹಿಂದಿನಿಂದ ಮುಂದಕ್ಕೆ, ಜೋರಾಗಿ ಓದುತ್ತೇನೆ. ಮುಂದಿನಿಂದ ಓದಿದರೆ ಕಣ್ಣು ತನಗೆ ಗೊತ್ತಿರುವುದನ್ನೇ ಓದಿಕೊಂಡು ಹೋಗುತ್ತದೆ. ಹಿಂದಿನಿಂದ ಹೊರಟರೆ ಒಂದೊಂದು ಅಂಕಿಯ ಹತ್ತಿರವೂ ನಿಲ್ಲಲೇಬೇಕು.

ಬಣ್ಣದ ತಕರಾರು ಇದ್ದೇ ಇರುತ್ತದೆ. ಫೋನಿನ ಪರದೆ ಬೆಳಕು ಚೆಲ್ಲುತ್ತದೆ, ಕಾಗದ ಚೆಲ್ಲುವುದಿಲ್ಲ. ಪರದೆಯ ಹೊಳೆಯುವ ನೀಲಿ ನಾಲ್ಕು ಬಣ್ಣದ ಮಸಿಯಲ್ಲಿ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿ, ಕಾಗದದ ಮೇಲೆ ಒಂದು ಮಾದರಿ ತೋರಿಸಿಬಿಡಿ. ಜಾಗದ ವಿಷಯವೂ ಅಷ್ಟೇ, ಚಿಕ್ಕದು ಅಂತ ಬಿಡಬೇಡಿ. 80 ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ 80 ಗ್ರಾಂ ತೂಗುತ್ತದೆ. ಅದರಲ್ಲಿ 16 ಎ4 ಹಾಳೆ. ಒಂದು ಹಾಳೆ ಐದು ಗ್ರಾಂ, 500 ಹಾಳೆಯ ರೀಮು ಎರಡೂವರೆ ಕೆಜಿ. 50 ರೀಮು ಒಂದು ಮೂಲೆಯಲ್ಲಿ ಇಟ್ಟರೆ 125 ಕೆಜಿ. ಆ ಮೂಲೆ ಥಂಡಿ ಹಿಡಿದಿದ್ದರೆ ಹಾಳೆ ಅಲೆಅಲೆಯಾಗಿ ಏಳುತ್ತದೆ, ಮಷಿನ್ನಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿ, ಹಾಗಾದರೆ ಬೇಡವಾ ಅಂದರೆ, ಬೇಡ ಅನ್ನುತ್ತಿಲ್ಲ. ಮಷಿನ್ ಇಲ್ಲದೆ ಆರು ತಿಂಗಳು ಪ್ರೆಸ್ ನಡೆಸಿ ನೋಡಿ ಅನ್ನುತ್ತೇನೆ. ತಮಾಷೆಗೆ ಹೇಳುತ್ತಿಲ್ಲ. ಆರ್ಡರ್ ನೀವು ಹಿಡಿಯಿರಿ. ಡಿಸೈನು, ಕರಡು ತಿದ್ದುವುದು ನಿಮ್ಮದು. ಅಚ್ಚು ಹಾಕುವುದನ್ನು ಮಷಿನ್ ಇರುವ ಇನ್ನೊಬ್ಬರಿಗೆ ಕೊಡಿ. ಸರಕು ತಂದು, ಎಣಿಸಿ, ತಲುಪಿಸಿ, ದುಡ್ಡು ವಸೂಲಿ ಮಾಡಿ. ಲಾಭ ಕಡಿಮೆ, ನಿಜ. ಕಂತೂ ಇಲ್ಲವಲ್ಲ. ಒಂದು ನೋಟ್ ಪುಸ್ತಕ ಇಡಿ. ಯಾರು, ಏನು, ಎಷ್ಟು ಪ್ರತಿ, ಯಾವತ್ತು ಕೊಟ್ಟೆ, ದುಡ್ಡು ಯಾವತ್ತು ಬಂತು. ಮಾಡಿಕೊಡಲಾಗದೆ ವಾಪಸ್ ಕಳಿಸಿದ ಕೆಲಸಗಳನ್ನೂ ಅದರಲ್ಲೇ ಬರೆದಿಡಿ. ಆರು ತಿಂಗಳಾದ ಮೇಲೆ ನಿಮಗೆ ಬೇಕಿರುವುದು ಪ್ರಿಂಟಿಂಗ್ ಮಷಿನ್ನೇ ಅಲ್ಲ, ಒಳ್ಳೆಯ ಕಟಿಂಗ್ ಮಷಿನ್ನು ಅಂತ ಆ ಪುಸ್ತಕವೇ ಹೇಳಬಹುದು. ಹಾಗೆ ಕಟಿಂಗ್, ಬೈಂಡಿಂಗ್‌ನಿಂದಲೇ ಬದುಕು ಕಟ್ಟಿಕೊಂಡವರನ್ನು ನಾನು ಬಲ್ಲೆ.

ಆ ನೋಟ್ ಪುಸ್ತಕ ಪ್ರಿಂಟಿಂಗ್ ಮಷಿನ್ ಕಡೆಗೇ ಕೈ ತೋರಿಸಿದರೆ, ನೋಡಲು ಹೋಗುವಾಗ ನಿಮ್ಮದೇ ಫೈಲು, ನಿಮ್ಮದೇ ಕಾಗದ ತೆಗೆದುಕೊಂಡು ಹೋಗಿ. ಮಾರುವವರು ತೋರಿಸುವ ಹೂವಿನ ಫೋಟೋ ಯಾವ ಮಷಿನ್ನಿನಲ್ಲೂ ಚೆನ್ನಾಗಿಯೇ ಬರುತ್ತದೆ. ನಿಮ್ಮ ಫೈಲಿನಲ್ಲಿ ಹಾಳೆ ತುಂಬ ಒಂದೇ ತೆಳು ಬೂದು ಬಣ್ಣ ಇರಲಿ, ಒಂದು ಮೂಲೆಯಲ್ಲಿ ತೀರಾ ಸಣ್ಣ ಅಕ್ಷರ ಇರಲಿ, ಎರಡೂ ಮಗ್ಗುಲಿನ ಮೂಲೆಯಲ್ಲಿ ಒಂದೇ ಜಾಗಕ್ಕೆ ಒಂದು ಗುರುತು ಇರಲಿ. ನಿಮ್ಮ ಕಾರ್ಡುಗಳಿಗೆ ಬೇಕಾದ 300 ಜಿಎಸ್‌ಎಂ ದಪ್ಪದ ಹಾಳೆಯಲ್ಲಿ, ಎರಡೂ ಮಗ್ಗುಲು, ನಿಲ್ಲಿಸದೆ 100 ಹಾಳೆ ಹಾಕಿಸಿ. ಬೂದು ಬಣ್ಣದಲ್ಲಿ ಗೀರು, ಪಟ್ಟೆ ಇದೆಯಾ ನೋಡಿ. ನಾಲ್ಕಾರು ಹಾಳೆ ತೆಗೆದು ಮೂಲೆಯ ಗುರುತಿನ ಮೇಲೆ ಸೂಜಿ ಚುಚ್ಚಿ, ಹಿಂದಿನ ಗುರುತಿನಲ್ಲೇ ಹೊರಬಂತಾ ನೋಡಿ. ಮೊದಲ ಹಾಳೆ, ನೂರನೇ ಹಾಳೆ ಎರಡನ್ನೂ ಕಿಟಕಿ ಹತ್ತಿರ ಪಕ್ಕಪಕ್ಕ ಹಿಡಿಯಿರಿ. ಹಳೆ ಮಷಿನ್ ಆದರೆ ಅಚ್ಚಾದ ಹಾಳೆ ಎಣಿಸುವ ಕೌಂಟರ್ ಎಷ್ಟು ಓಡಿದೆ, ಚಿತ್ರ ಮೂಡಿಸುವ ಡ್ರಮ್ಮು ಯಾವಾಗ ಬದಲಾಗಿದೆ ಕೇಳಿ ಬರೆದುಕೊಳ್ಳಿ. ಆ ನೂರು ಹಾಳೆಯನ್ನು ಅಲ್ಲೇ ಬಿಟ್ಟು ಬರಬೇಡಿ. ಮನೆಗೆ ತಂದು, ಒಂದು ರಾತ್ರಿ ಕಳೆದು, ಬೆಳಿಗ್ಗೆ ಇನ್ನೊಮ್ಮೆ ನೋಡಿ.

ನಮಸ್ಕಾರ.