ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ

ಕೇಳುಗರೇ, ನಮಸ್ಕಾರ.

ಹೊನ್ನಾವರದಿಂದ ಜೋಗದ ಕಡೆ ಘಟ್ಟ ಹತ್ತುವಾಗ ಕತ್ತಲೆಕಾನು ಸಿಗುತ್ತದೆ. ಸಿದ್ದಾಪುರ ತಾಲ್ಲೂಕಿನ ಕಾಡು. ಅಲ್ಲಿ ರಾಮಪತ್ರೆ ಮರಗಳು ನೀರಿನಲ್ಲೇ ನಿಂತಿರುತ್ತವೆ. ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆ ಬಂದಿರುತ್ತವೆ. ಇಂಥ ಜಾಗಕ್ಕೆ ಜಡ್ಡಿ ಅಂತಾರೆ. ಈ ಕಾಡಿನ ಹಳ್ಳದಲ್ಲೇ ಕುಂಬಾರ ಕಪ್ಪೆಯ ವಾಸ.

ಹಗಲು ಇದು ಕಾಣುವುದೇ ಅಪರೂಪ. ಮಳೆಗಾಲದ ರಾತ್ರಿ ಗಂಡು ಹಳ್ಳದಲ್ಲಿ ಕೂತು 'ಟೊಕ್ ಟೊಕ್' ಎಂದು ಕೂಗುತ್ತದೆ. ಹೆಣ್ಣು ಆ ಕೂಗಿಗೆ ಬರುತ್ತದೆ. ಮೊಟ್ಟೆ ಇಡುವಾಗ ಮುಂಗಾಲು ಊರಿ, ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ.

ಆಮೇಲಿನ ಕೆಲಸ ಗಂಡಿನದು. ಅದು ಹಳ್ಳದ ತಳದ ಕೆಸರನ್ನು ಮುಂಗಾಲಿನಲ್ಲಿ ಬಾಚಿ ತರುತ್ತದೆ. ಹಿಂಗಾಲಿನ ಮೇಲೆ ಎದ್ದು ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಾಚುತ್ತದೆ, ಮತ್ತೆ ಮೆತ್ತುತ್ತದೆ. ಕಡೆಗೆ ಮೊಟ್ಟೆ ಇದೆ ಅಂತಲೇ ಗೊತ್ತಾಗುವುದಿಲ್ಲ, ಕಡ್ಡಿಗೆ ಹತ್ತಿದ ಕೆಸರು ಅನಿಸುತ್ತದೆ. ಅಂಗೈಯಲ್ಲಿ ಹಿಡಿಸುವ ಒಂದು ಜೀವಿಗೆ ಎಷ್ಟು ಶ್ರದ್ಧೆ ಅಲ್ವಾ! ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಈ ಲೇಪ ಇರಬಹುದು ಅನ್ನುವುದು ವಿಜ್ಞಾನಿಗಳ ಊಹೆ. ಮರಿಗಳು ಹೊರಬಂದರೆ ಕೆಳಗಿನ ನೀರಿಗೇ ಬೀಳುತ್ತವೆ.

ಕಪ್ಪೆಗಳ ಸಂಶೋಧಕ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದು ಹೊಸ ಪ್ರಭೇದ ಎಂದು ಪ್ರಕಟಿಸಿದರು. ನಿಕ್ಟಿಬೆಟ್ರಾಕಸ್ ಕುಂಬಾರ ಎಂಬ ಹೆಸರಿಟ್ಟರು. ನಮ್ಮ ಊರಿನ ಕುಂಬಾರರ ಕಸುಬಿಗೆ ಸಂದ ಗೌರವ ಅದು ಅಂತ ನನಗೆ ಯಾವಾಗಲೂ ಖುಷಿ. ನಿಕ್ಟಿಬೆಟ್ರಾಕಸ್ ಗುಂಪಿನ ಕಪ್ಪೆಗಳು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ.

ಈ ಕಪ್ಪೆಗೆ ಜಾಸ್ತಿ ಏನೂ ಬೇಡ. ಹರಿಯುವ ನೀರು, ಮೆತ್ತನೆ ಕೆಸರು, ಮೇಲೆ ದಟ್ಟ ನೆರಳು. ಮೂರೂ ಒಟ್ಟಿಗೆ ಬೇಕು, ಒಂದು ತಪ್ಪಿದರೂ ಸಂಸಾರ ನಡೆಯುವುದಿಲ್ಲ. ಮಲೆನಾಡಿನಲ್ಲಿ ಎಷ್ಟೋ ಜಡ್ಡಿಗಳು ಹಿಂದೆಯೇ ಗದ್ದೆ, ತೋಟ ಆಗಿಹೋಗಿವೆ. ಉಳಿದಿರುವುದು ಚೂರುಪಾರು. ಹಳ್ಳದ ಪಕ್ಕ ಜಮೀನು ಇರುವವರು ಈ ಮಾತು ಕೇಳುತ್ತಿದ್ದರೆ ಒಂದು ವಿನಂತಿ. ದಂಡೆಯ ಮರ ಕಡಿಯಬೇಡಿ, ನೀರಿನ ಮೇಲೆ ಬಾಗಿದ ಗಿಡಗಂಟಿ ಸವರಬೇಡಿ. ಪಂಪು ಇಟ್ಟರೂ ಹಳ್ಳದ ನೀರನ್ನು ಪೂರ್ತಿ ಎಳೆಯಬೇಡಿ.

ನಮಸ್ಕಾರ.