ದವಡೆಯ ಎಲುಬು ಮತ್ತು ಟೈಟಾನಿಯಂ ಬೇರು

ಕೇಳುಗರಿಗೆ ನಮಸ್ಕಾರ.

ಕೊಪ್ಪಳದ ನಮ್ಮ ದಂತ ಚಿಕಿತ್ಸಾಲಯಕ್ಕೆ ಕಳೆದ ಬೇಸಿಗೆಯಲ್ಲಿ ಬಂದ ಹಿರಿಯ ತಾಯಿಯೊಬ್ಬರು, ಹನ್ನೊಂದು ವರ್ಷಗಳ ಹಿಂದೆ ಕೆಳದವಡೆಯಲ್ಲಿ ಕೂರಿಸಿದ್ದ ಇಂಪ್ಲಾಂಟಿನ, ಅಂದರೆ ಬೇರಿನ ಬದಲು ಎಲುಬಿನೊಳಗೆ ಕೂರಿಸುವ ಟೈಟಾನಿಯಂ ಲೋಹದ ತಿರುಪಿನ, ಹಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಾ, “ಎಲುಬಿನ ಜೋಡಿ ಕೂಡೇತಿ ಅಂತ ಅವಾಗ ಹೇಳಿದ್ರಿ, ಕೂಡಿದ್ದು ಮತ್ತ ಬಿಡತೈತೇನ್ರಿ ಸರ?” ಎಂದು ಕೇಳಿದರು. ಇಂದಿನ ಭಾಷಣ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಲೋಹವನ್ನು ಎಲುಬು ಹಿಡಿದುಕೊಳ್ಳುತ್ತದೆ ಎಂಬುದು ಆಕಸ್ಮಿಕವಾಗಿ ತಿಳಿದ ಸಂಗತಿ. 1952ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ರಕ್ತಸಂಚಾರವನ್ನು ನೋಡಲೆಂದು ಮೊಲದ ಕಾಲೆಲುಬಿನಲ್ಲಿ ಟೈಟಾನಿಯಂನ ಪುಟ್ಟ ಉಪಕರಣವೊಂದನ್ನು ಇರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಅದು ಬರಲಿಲ್ಲ. 1965ರಲ್ಲಿ ಅವರು ಇದೇ ಲೋಹದ ತಿರುಪುಗಳನ್ನು ಮನುಷ್ಯನ ದವಡೆಯಲ್ಲಿ ಕೂರಿಸಿದರು. ಆ ಮೊದಲ ರೋಗಿ ಮುಂದೆ ನಾಲ್ಕು ದಶಕಗಳ ಕಾಲ, ಬದುಕಿರುವವರೆಗೂ, ಆ ಆಧಾರದ ಮೇಲೆಯೇ ಊಟ ಮಾಡಿದರು.

ಇಂಪ್ಲಾಂಟನ್ನು ಕೂರಿಸಿದ ದಿನ ಇರುವ ಬಿಗಿ, ಕೊಡಲಿಯ ಕಾವಿಗೆ ಬೆಣೆ ಹೊಡೆದಾಗ ಸಿಗುವಂಥ ಬಿಗಿ ಮಾತ್ರ. ಪೆಟ್ಟಾದ ಹಳೆಯ ಎಲುಬನ್ನು ದೇಹ ಕರಗಿಸತೊಡಗುತ್ತದೆ, ಹೊಸದು ಇನ್ನೂ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಎರಡರಿಂದ ನಾಲ್ಕನೆಯ ವಾರದವರೆಗೆ ಆ ಬಿಗಿ ಸ್ವಲ್ಪ ಸಡಿಲಾಗುತ್ತದೆ. ನೋವಿಲ್ಲವೆಂದು ಆ ದಿನಗಳಲ್ಲಿ ಕಟಿ ರೊಟ್ಟಿ ಕಡಿಯಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ: ತಿರುಪು ಪದೇಪದೇ ಅಲುಗಿದರೆ ಅದರ ಸುತ್ತ ಎಲುಬಿನ ಬದಲು ಮೆತ್ತನೆಯ ನಾರು ಬೆಳೆಯುತ್ತದೆ, ಆಮೇಲೆ ಅದು ನಿಲ್ಲುವುದಿಲ್ಲ. ಅಲುಗದಿದ್ದರೆ, ಟೈಟಾನಿಯಂ ಮೇಲಿನ ಅತಿ ತೆಳುವಾದ ಆಕ್ಸೈಡ್ ಪೊರೆಗೆ ಅಂಟಿಕೊಂಡಂತೆ ಹೊಸ ಎಲುಬು ಬಂದು ಕೂಡುತ್ತದೆ.

ಆದರೆ ಈ ಕೂಡುವಿಕೆ ಒಮ್ಮೆ ಆಗಿ ಮುಗಿಯುವಂಥದ್ದಲ್ಲ. ಹೊಲದ ಬದುವಿನ ಬೇವಿನ ಮರ ಬೇಲಿಯ ತಂತಿಯನ್ನು ನುಂಗಿ ಬೆಳೆದಿರುವುದನ್ನು ನೀವು ನೋಡಿರುತ್ತೀರಿ. ಮರ ಒಳಗೆ ಹೋದ ತಂತಿಯನ್ನು ಹಾಗೆಯೇ ಬಿಡುತ್ತದೆ. ಎಲುಬು ಹಾಗಲ್ಲ. ಅಗಿಯುವ ಭಾರದಿಂದ ಅದರಲ್ಲಿ ಸೂಕ್ಷ್ಮ ಬಿರುಕುಗಳು ಬೀಳುತ್ತವೆ, ಒಂದು ಬಗೆಯ ಜೀವಕೋಶಗಳು ಆ ಭಾಗವನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಅಲ್ಲಿ ಹೊಸದನ್ನು ಕಟ್ಟುತ್ತವೆ. ಹತ್ತು ವರ್ಷಗಳ ನಂತರ ಆ ತಿರುಪನ್ನು ಹಿಡಿದಿರುವ ಎಲುಬಿನಲ್ಲಿ ಬಹುಪಾಲು ಮೊದಲು ಹಿಡಿದದ್ದಲ್ಲ.

ಒಸಡಿನ ಅಂಚಿನಲ್ಲಿ ಎಲುಬು ಮೊದಲ ವರ್ಷ ಸ್ವಲ್ಪ ಇಳಿಯುವುದು ಸಹಜ. ಆಮೇಲೆ ಇಳಿಕೆ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಿಮೆ ಇರಬೇಕೆಂಬ ಅಳತೆಯನ್ನು 1986ರಲ್ಲಿ ಆಲ್‌ಬ್ರೆಕ್ಟ್ಸನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಸೂಚಿಸಿದರು. ಹೆಚ್ಚು ಇಳಿದರೆ ಸಾಮಾನ್ಯವಾಗಿ ಅದಕ್ಕೆ ಕಾರಣ ತಿರುಪಿನ ಸುತ್ತ ಕೂತ ಗಾರೆಯಿಂದ, ಅಂದರೆ ಹಲ್ಲಿಗೆ ಅಂಟುವ ಕೊಳೆಯಿಂದ, ಹುಟ್ಟುವ ಸೋಂಕು. ಗುಟ್ಕಾ ಜಗಿಯುವವರಲ್ಲಿ, ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರದವರಲ್ಲಿ ನಾನು ಮೊದಲು ನೋಡುವುದು ಇದನ್ನೇ. ಹುಟ್ಟುಹಲ್ಲಿಗೂ ಎಲುಬಿಗೂ ನಡುವೆ ಮೆತ್ತನೆಯ ನಾರಿನ ಪದರವಿದ್ದು, ಭಾರ ಹೆಚ್ಚಾದರೆ ಅದು ನೋವಿನ ಮೂಲಕ ಎಚ್ಚರಿಸುತ್ತದೆ. ಇಂಪ್ಲಾಂಟಿಗೆ ಆ ಪದರವಿಲ್ಲ. ಸುತ್ತಲಿನ ಎಲುಬು ಅರ್ಧ ಕರಗಿದರೂ ಹಲ್ಲು ಅಲುಗದೆ, ನೋಯದೆ ನಿಂತಿರಬಹುದು; ಹೀಗಾಗಿ ನೋವು ಬಂದಮೇಲೆ ನೋಡೋಣ ಎಂಬ ನಮ್ಮ ಕಡೆಯ ರೂಢಿ ಇಲ್ಲಿ ನಿಜಕ್ಕೂ ಅಪಾಯಕಾರಿ.

ಆ ತಾಯಿಯ ಹಳೆಯ ಎಕ್ಸ್‌ರೇ ಮತ್ತು ಹೊಸ ಎಕ್ಸ್‌ರೇಗಳನ್ನು ದೀಪದ ಮುಂದೆ ಪಕ್ಕಪಕ್ಕದಲ್ಲಿ ಹಿಡಿದು, ತಿರುಪಿನ ಸುತ್ತುಗಳನ್ನು ಅವರೊಂದಿಗೇ ಎಣಿಸಿದೆ. ಮೇಲಿನ ಒಂದು ಸುತ್ತು ಮಾತ್ರ ಎಲುಬಿನಿಂದ ಹೊರಗೆ ಬಂದಿತ್ತು. ಸಲಾಕೆಯಿಂದ ಒಸಡನ್ನು ಮುಟ್ಟಿದಾಗ ರಕ್ತ ಬರಲಿಲ್ಲ. “ಬಿಟ್ಟಿಲ್ಲವ್ವ, ಹಿಡಿದೇ ಐತಿ” ಎಂದು ಹೇಳಿ, ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ಷನ್ನು ಕೊಟ್ಟು, ಬರುವ ಯುಗಾದಿ ಕಳೆದ ಮೇಲೆ ಮತ್ತೆ ಎಕ್ಸ್‌ರೇಗೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.