ಇನ್ನೂರು ನಿಮಿಷದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಮೊದಲ ಉಪನ್ಯಾಸವನ್ನು ನನಗೆ ಕೊಟ್ಟಿದ್ದಾರೆ. ಹೋಳಿಗೆ ಬೇರೆ ಇತ್ತು. ನಿದ್ದೆ ಬಂದವರು ಮಾಡಿ, ಬೇಜಾರಿಲ್ಲ. ಗೊರಕೆ ಮಾತ್ರ ಮೆಲ್ಲಗಿರಲಿ.

ನನಗೆ ಕೊಟ್ಟ ವಿಷಯ ‘ಬ್ಯಾಸ್ಕೆಟ್‌ಬಾಲ್ ತಂಡದ ಆಯ್ಕೆ’. ಕ್ಷಮಿಸಿ, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆಯ್ಕೆ ಏನು ಮಹಾ ಕಷ್ಟ? ಇಲ್ಲಿ ಕೂತಿರುವ ಯಾವ ಪಿ.ಇ. ಮೇಷ್ಟ್ರನ್ನು ಬೇಕಾದರೂ ಕರೆಯಿರಿ, ಅರ್ಧ ಗಂಟೆ ಆಟ ನೋಡಿ ಹನ್ನೆರಡು ಹುಡುಗರನ್ನು ಆರಿಸಿ ಕೊಡುತ್ತಾರೆ. ತಲೆನೋವು ಶುರುವಾಗುವುದು ಆಮೇಲೆ. ಹನ್ನೆರಡು ಜನಕ್ಕೂ ಜೆರ್ಸಿ ಹಂಚಿಯಾಯಿತು. ಕೋರ್ಟಿನಲ್ಲಿ ಜಾಗ ಇರುವುದು ಐದು ಜನಕ್ಕೆ. ಉಳಿದ ಏಳು ಜನಕ್ಕೆ ಏನು ಹೇಳುತ್ತೀರಿ?

ನಮ್ಮಲ್ಲಿ ಬಹಳ ಜನ ಏನೂ ಹೇಳುವುದಿಲ್ಲ. ನನ್ನ ಇವತ್ತಿನ ಜಗಳ ಅದರ ಮೇಲೆಯೇ.

ಲೆಕ್ಕ ನೋಡಿ. ಆಟ ನಲವತ್ತು ನಿಮಿಷ. ಅಮೆರಿಕದ ಗಂಡುಮಕ್ಕಳ ಕಾಲೇಜು ಆಟದಲ್ಲಿ ಇಪ್ಪತ್ತಿಪ್ಪತ್ತರ ಎರಡು ಹಾಫ್, ನಮ್ಮಲ್ಲಿ ಹತ್ತತ್ತರ ನಾಲ್ಕು ಕ್ವಾರ್ಟರ್. ಒಟ್ಟು ಒಂದೇ. ಐದು ಜನಕ್ಕೆ ಗುಣಿಸಿದರೆ 200 ನಿಮಿಷ. ಕೋಚ್ ಎಷ್ಟೇ ದೊಡ್ಡವನಿರಲಿ, ಅವನ ಜೇಬಲ್ಲಿರುವುದು ಈ ಇನ್ನೂರೇ. ಹನ್ನೆರಡು ಜನಕ್ಕೆ ಸಮ ಹಂಚಿದರೆ ತಲೆಗೆ 16 ನಿಮಿಷ 40 ಸೆಕೆಂಡು. ಹಾಗೆ ಹಂಚುವ ಕೋಚನ್ನು ನಾನು ಇನ್ನೂ ನೋಡಿಲ್ಲ. ನೋಡಿದರೆ ಕಾಲಿಗೆ ಬೀಳುತ್ತೇನೆ, ಆಮೇಲೆ ಅವರ ತಂಡದ ಜೊತೆ ಒಂದು ಮ್ಯಾಚ್ ಇಟ್ಟುಕೊಳ್ಳುತ್ತೇನೆ.

ಬಡಿಸುವವನು ನಮ್ಮವನಾದರೆ ಎಲ್ಲಿ ಕೂತರೇನು ಅನ್ನುತ್ತಾರಲ್ಲ, ಹುಡುಗರು ಬೆಂಚಿನ ಮೇಲೆ ಕೂತು ಯೋಚಿಸುವುದು ಅದನ್ನೇ. ಬಡಿಸುವವನು ನಮ್ಮವನಲ್ಲ, ಅದಕ್ಕೇ ಪಾಯಸ ಈ ಸಾಲಿಗೆ ಬರುತ್ತಿಲ್ಲ ಅಂತ. ನೀವು ಎಷ್ಟೇ ನ್ಯಾಯವಾಗಿ ಹಂಚಿರಿ, ಯಾಕೆ ಹಾಗೆ ಹಂಚಿದಿರಿ ಅಂತ ಮೊದಲೇ ಹೇಳದಿದ್ದರೆ ಅವನ ಕಣ್ಣಿಗೆ ಅದು ಪಕ್ಷಪಾತವೇ.

ಇದು ನನಗೆ ಹೇಗೆ ಗೊತ್ತು ಅಂದರೆ, ಆ ಬೆಂಚಿನ ಮೇಲೆ ನಾನೇ ಕೂತಿದ್ದೆ. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ, ನೀವೂ ಒಂದು ಸಲ ಕೇಳಿಬಿಡಿ.

ಡಿಗ್ರಿ ಎರಡನೇ ವರ್ಷ. ಅಂತರ ಕಾಲೇಜು ಪಂದ್ಯಾವಳಿ, ಬೇರೆ ಊರು. ರಾತ್ರಿ ಬಸ್ಸು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನವನ್ನು ಇಡೀ ತಂಡ ತಿಂದಿತ್ತು, ಆ ಲೆಕ್ಕದಲ್ಲಿ ನಾನು ಸ್ಟಾರ್ಟಿಂಗ್ ಫೈವ್‌ನಲ್ಲಿ, ಅಂದರೆ ಆಟ ಶುರು ಮಾಡುವ ಐದು ಜನರಲ್ಲಿದ್ದೆ. ಕೋರ್ಟಿನಲ್ಲಿ ಹನ್ನೊಂದನೆಯವನು. ಮೂರು ಮ್ಯಾಚು ಟ್ರ್ಯಾಕ್‌ಸೂಟ್ ಬಿಚ್ಚಲೇ ಇಲ್ಲ. ನಾಲ್ಕನೇ ಮ್ಯಾಚಿನಲ್ಲಿ ನಾವು ಇಪ್ಪತ್ತು ಚಿಲ್ಲರೆ ಪಾಯಿಂಟ್ ಮುಂದೆ. ಕೊನೆಯ ಒಂದೂವರೆ ನಿಮಿಷ. ಮೇಷ್ಟ್ರು ತಿರುಗಿ ನೋಡಿದರು, ನನ್ನ ಕಡೆ ಬೆರಳು ಮಾಡಿದರು. ಹೆಸರು ಕರೆಯಲಿಲ್ಲ, ಬಹುಶಃ ನೆನಪಿರಲಿಲ್ಲ.

ನಾನು ಎದ್ದೆ. ಪ್ಯಾಂಟ್ ಶೂಗೆ ಸಿಕ್ಕಿಕೊಂಡಿತು. ಒಂದು ಕಾಲಲ್ಲಿ ಕುಂಟಿಕೊಂಡೇ ಸ್ಕೋರರ್ ಟೇಬಲ್ ಹತ್ತಿರ ಓಡಿದೆ, ಬೆನ್ನು ತಿರುಗಿಸಿ ನಂಬರ್ ತೋರಿಸಿದೆ. ಈಗ ಬಾಲ್ ಡೆಡ್ ಆಗಬೇಕು, ಅಂದರೆ ಆಟ ಒಂದು ಗಳಿಗೆ ನಿಲ್ಲಬೇಕು, ಆಗಲೇ ಒಳಗೆ ಹೋಗಲು ಸಾಧ್ಯ. ಆಗಲೇ ಇಲ್ಲ. ಗೆಲ್ಲುವವರಿಗೆ ಅವಸರ ಇಲ್ಲ, ಸೋಲುವವರಿಗೆ ಉತ್ಸಾಹ ಇಲ್ಲ. ಯಾರೂ ಫೌಲ್ ಮಾಡುತ್ತಿಲ್ಲ, ಬಾಲ್ ಹೊರಗೂ ಹೋಗುತ್ತಿಲ್ಲ. ನಮ್ಮ ಹುಡುಗರು ಸುಮ್ನೆ ಪಾಸ್ ಮಾಡಿಕೊಂಡು ನಿಂತಿದ್ದಾರೆ. ನಾನು ಮನಸ್ಸಿನಲ್ಲೇ ಕೂಗುತ್ತಿದ್ದೇನೆ: ಯಾರಾದರೂ ಒಬ್ಬರು ಟ್ರಾವೆಲ್ ಮಾಡ್ರೋ, ಬಾಲ್ ಹಿಡಿದು ಎರಡು ಹೆಜ್ಜೆ ಜಾಸ್ತಿ ಹಾಕ್ರೋ! ಸ್ಕೋರರ್ ನನ್ನ ಮುಖ ನೋಡಿ ‘ಪಾಪ’ ಅಂದರು. ಹಾರ್ನ್ ಹೊಡೆಯಿತು. ಮ್ಯಾಚೇ ಮುಗಿಯಿತು.

ಊರಿಗೆ ಬಂದ ಮೇಲೆ ಅಮ್ಮ, ‘ಆಡಿದ್ಯೇನೋ?’ ಅಂತ ಕೇಳಿದರು. ‘ಹೂಂ, ಸ್ವಲ್ಪ’ ಅಂದೆ. ಅಷ್ಟು ಜಾಗರೂಕತೆಯಿಂದ ಸುಳ್ಳು ಹೇಳಿದ್ದು ಅದೇ ಮೊದಲು.

ಆಡದೇ ಇದ್ದದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ನನ್ನ ಎಡಗೈ ಡ್ರಿಬ್ಲಿಂಗ್ ಹೇಗಿತ್ತು ಅಂತ ನನಗೇ ಗೊತ್ತು. ಆದರೆ ಆ ಇಡೀ ವರ್ಷ, ‘ಈ ಸಲ ನಿನಗೆ ಆಟ ಸಿಗಲ್ಲ ಕಣೋ, ಪ್ರಾಕ್ಟೀಸಿನಲ್ಲಿ ಬಾಲ್ ತಂದು ಆಟ ನಡೆಸುವ ನಮ್ಮ ಪಾಯಿಂಟ್ ಗಾರ್ಡನ್ನು ಕಾಡಿಸುವುದೇ ನಿನ್ನ ಕೆಲಸ’ ಅಂತ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಅವನನ್ನು ಎಷ್ಟು ಚೆನ್ನಾಗಿ ಕಾಡಿಸುತ್ತಿದ್ದೆ ಗೊತ್ತಾ!

ಇರಲಿ, ಈಗ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ತಂಡಕ್ಕೆ ಬರೋಣ. 2014-15. ಕೋಚ್ ಜಾನ್ ಕ್ಯಾಲಿಪರಿ. ನಮಗೆ ಇರುವುದು ಆಟಗಾರರಿಲ್ಲದ ಕಷ್ಟ, ಅವರಿಗೆ ಬಂದದ್ದು ಆಟಗಾರರು ಹೆಚ್ಚಾದ ಕಷ್ಟ. ಹತ್ತು ಜನ, ಎಲ್ಲರೂ ಬೇರೆ ಯಾವ ಕಾಲೇಜಿಗೆ ಹೋದರೂ ಮೊದಲ ಐದರಲ್ಲಿ ಆಡುವವರು. ಎಲ್ಲರ ತಲೆಯಲ್ಲೂ ಎನ್‌ಬಿಎ, ಅಂದರೆ ಅಲ್ಲಿನ ವೃತ್ತಿಪರ ಲೀಗಿನ ಕನಸು. ಇವರಿಗೆ ಇನ್ನೂರು ನಿಮಿಷ ಹೇಗೆ ಹಂಚುವುದು?

ಅವರು ಮಾಡಿದ್ದು ಪ್ಲಟೂನ್. ಸೈನ್ಯದ ತುಕಡಿ ಇದ್ದ ಹಾಗೆ. ಐದೈದು ಜನರ ಎರಡು ಗುಂಪು. ಆಂಡ್ರೂ ಮತ್ತು ಆರನ್ ಹ್ಯಾರಿಸನ್ ಎಂಬ ಅವಳಿ ಸಹೋದರರು, ಪಾಯ್ತ್ರೆಸ್, ಟೌನ್ಸ್, ಕಾಲಿ-ಸ್ಟೈನ್ ಒಂದು ಕಡೆ. ಯೂಲಿಸ್, ಬುಕರ್, ಲೈಲ್ಸ್, ಮಾರ್ಕಸ್ ಲೀ, ಡಕಾರಿ ಜಾನ್ಸನ್ ಇನ್ನೊಂದು ಕಡೆ. ನಾಲ್ಕು ನಿಮಿಷ ಹೆಚ್ಚೂಕಮ್ಮಿ ಆಗುತ್ತಿದ್ದ ಹಾಗೆ ಐದೂ ಜನ ಹೊರಗೆ, ಹೊಸ ಐದು ಜನ ಒಳಗೆ. ಅಲ್ಲಿ ಟಿವಿ ಜಾಹೀರಾತಿನ ಟೈಮ್‌ಔಟ್‌ಗಳೂ ಸುಮಾರು ನಾಲ್ಕು ನಿಮಿಷಕ್ಕೊಂದು ಬರುತ್ತವೆ, ಸರಿಯಾಗಿ ಹೊಂದಿಕೊಂಡಿತು. ಎದುರಾಳಿಯ ಸ್ಥಿತಿ ಯೋಚಿಸಿ. ನಾಲ್ಕು ನಿಮಿಷ ಏದುಸಿರು ಬಿಟ್ಟು ಆಡಿ ತಲೆ ಎತ್ತಿ ನೋಡಿದರೆ, ಎದುರಿಗೆ ಬೆವರೇ ಬರದ ಐದು ಜನ.

ಕ್ಯಾನ್ಸಸ್ ತಂಡವನ್ನು 72-40ಕ್ಕೆ ಹೊಡೆದರು. ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ಯುಸಿಎಲ್‌ಎ ಜೊತೆ ಆಟ. ಹಾಫ್‌ಟೈಮ್ ಸ್ಕೋರ್ 41-7. ಪ್ರಿಂಟಿಂಗ್ ತಪ್ಪಲ್ಲ, ಏಳೇ. ಯುಸಿಎಲ್‌ಎ ಅಂದರೆ ಹನ್ನೊಂದು ಸಲ ಚಾಂಪಿಯನ್ ಆದ ಕಾಲೇಜು!

ಈ ಷಿಕಾಗೋ ಆಟಕ್ಕೆ ಮೊದಲೇ, ಪ್ರಾಕ್ಟೀಸಿನಲ್ಲಿ ಪಾಯ್ತ್ರೆಸ್‌ಗೆ ಮಂಡಿ ಲಿಗಮೆಂಟ್ ಹರಿಯಿತು. ಹತ್ತು ಒಂಬತ್ತಾಯಿತು. ಒಂಬತ್ತನ್ನು ಐದೈದಾಗಿ ಭಾಗಿಸಲು ಆಗುವುದಿಲ್ಲ. ಪ್ಲಟೂನ್ ನಿಧಾನವಾಗಿ ಸಡಿಲವಾಯಿತು, ಆದರೆ ಹಂಚಿಕೆ ನಿಲ್ಲಲಿಲ್ಲ. ಇಡೀ ಸೀಸನ್ನಿನಲ್ಲಿ ಸರಾಸರಿ ಮೂವತ್ತು ನಿಮಿಷ ಆಡಿದವನು ಒಬ್ಬನೂ ಇಲ್ಲ. ಟೌನ್ಸ್ ಆಡಿದ್ದು ಸರಾಸರಿ ಸುಮಾರು 21 ನಿಮಿಷ. ಅಂದರೆ ಪ್ರತಿ ಮ್ಯಾಚಿನಲ್ಲಿ ಹತ್ತಿರ ಹತ್ತಿರ ಅರ್ಧ ಹೊತ್ತು ಅವನು ಟವೆಲ್ ಹೊದ್ದು ಬೆಂಚಿನ ಮೇಲೆ. ಅದೇ ಟೌನ್ಸ್ 2015ರ ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಮೊದಲನೆಯವನು. ಡೆವಿನ್ ಬುಕರ್ ಕಾಲೇಜಿನಲ್ಲಿ ಒಂದೇ ಒಂದು ಆಟವನ್ನೂ ಸ್ಟಾರ್ಟ್ ಮಾಡಲಿಲ್ಲ. 13ನೆಯವನಾಗಿ ಡ್ರಾಫ್ಟ್ ಆದ. 2017ರಲ್ಲಿ ಬಾಸ್ಟನ್ ವಿರುದ್ಧ ಒಂದೇ ಆಟದಲ್ಲಿ 70 ಪಾಯಿಂಟ್ ಹೊಡೆದ. ಆ ತಂಡದಿಂದ ಒಂದೇ ವರ್ಷ ಆರು ಜನ ಡ್ರಾಫ್ಟ್ ಆದರು.

‘ನಮ್ಮ ಹುಡುಗನಿಗೆ ಇಪ್ಪತ್ತೇ ನಿಮಿಷ ಕೊಟ್ಟಿರಿ, ಅವನ ಭವಿಷ್ಯ ಹಾಳಾಯಿತು’ ಅಂತ ಆಫೀಸಿಗೆ ಬರುವ ಅಪ್ಪಂದಿರಿಗೆ ನಾನು ಮೊದಲು ಕಾಫಿ ತರಿಸುತ್ತೇನೆ, ಆಮೇಲೆ ಬುಕರ್ ಕಥೆ ಹೇಳುತ್ತೇನೆ. ಕಾಫಿ ಕುಡಿಯುತ್ತಾರೆ. ಕಥೆ ನಂಬುವುದಿಲ್ಲ.

ನನಗೆ ಪ್ಲಟೂನಿಗಿಂತ ಇಷ್ಟ ಆದದ್ದು ಬೇರೆ. ಇದನ್ನೆಲ್ಲ ಕ್ಯಾಲಿಪರಿ ಸೀಸನ್ ಶುರುವಾಗುವ ಮೊದಲೇ ಮಾಡಿ ತೋರಿಸಿದ್ದರು. ಆಗಸ್ಟಿನಲ್ಲಿ ತಂಡವನ್ನು ಬಹಾಮಾಸ್‌ಗೆ ಕರೆದುಕೊಂಡು ಹೋಗಿ, ಆರು ಪ್ರದರ್ಶನ ಪಂದ್ಯಗಳಲ್ಲಿ ಎರಡು ಗುಂಪು ಮಾಡಿ ಆಡಿಸಿದರು. ಅಕ್ಟೋಬರಿನಲ್ಲಿ ಎನ್‌ಬಿಎ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳನ್ನು ಕಾಲೇಜಿಗೇ ಕರೆಸಿ ಹುಡುಗರ ಪ್ರಾಕ್ಟೀಸ್ ತೋರಿಸಿದರು. ನಿಮಿಷ ಕಮ್ಮಿ ಸಿಗುತ್ತೆ, ಆದರೆ ನೋಡಬೇಕಾದವರು ನಿನ್ನನ್ನು ನೋಡುತ್ತಾರೆ. ಮೊದಲೇ ಹೇಳುವುದು ಅಂದರೆ ಇದು.

ಕೊನೆಗೆ ಸೋತರಲ್ಲ ಸಾರ್, ಅಂತ ಯಾರೋ ಹಿಂದಿನ ಸಾಲಿನಲ್ಲಿ ಹೇಳುತ್ತಿದ್ದೀರಿ. ಕೇಳಿಸಿತು. ಹೌದು, ಸೋತರು. 38 ಗೆದ್ದು, ಸೊನ್ನೆ ಸೋತು ಇಂಡಿಯಾನಾಪೊಲಿಸ್‌ಗೆ ಹೋದರು. 2015ರ ಏಪ್ರಿಲ್ 4, ರಾಷ್ಟ್ರೀಯ ಚಾಂಪಿಯನ್‌ಶಿಪ್ ಸೆಮಿಫೈನಲ್. ವಿಸ್ಕಾನ್ಸಿನ್ 71, ಕೆಂಟಕಿ 64. ಕೊನೆಯ ನಿಮಿಷಗಳಲ್ಲಿ ಕೆಂಟಕಿ ಸಾಲಾಗಿ ಮೂರು ಸಲ ಶಾಟ್ ಕ್ಲಾಕ್, ಅಂದರೆ ಶಾಟ್ ಹೊಡೆಯಲು ಇರುವ ಗಡುವು, ಮುಗಿಸಿಕೊಂಡು ಕೂತಿತು. ಆಗ ಶಾಟ್ ಕ್ಲಾಕ್ 35 ಸೆಕೆಂಡು. ಅಷ್ಟು ಹೊತ್ತು ಬಾಲ್ ಹಿಡಿದುಕೊಂಡು ಒಂದು ಶಾಟ್ ಹೊಡೆಯಲು ಆಗಲಿಲ್ಲ, ಅದೂ ಮೂರು ಸಲ. ‘ನೋಡಿದ್ರಾ, ಎಲ್ಲರನ್ನೂ ಆಡಿಸಿದರೆ ಕಷ್ಟದ ಹೊತ್ತಿನಲ್ಲಿ ಯಾರು ಹೊಡೆಯಬೇಕು ಅಂತ ಯಾರಿಗೂ ಗೊತ್ತಿರಲ್ಲ’ ಅಂತ ನನ್ನ ಸ್ನೇಹಿತರೊಬ್ಬರು ಇವತ್ತಿಗೂ ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಇದೇ ತಂಡ ಜನವರಿಯಲ್ಲಿ ಎರಡು ಆಟ ಓವರ್‌ಟೈಮಿನಲ್ಲಿ ಗೆದ್ದಿತ್ತು. ಹಿಂದಿನ ವಾರವಷ್ಟೇ ನೋಟರ್ ಡೇಮ್ ಮೇಲೆ 68-66ಕ್ಕೆ ಗೆದ್ದಿತ್ತು. ಬಿಗಿ ಆಟ ಅವರಿಗೆ ಹೊಸದಲ್ಲ. ಎದುರಿಗಿದ್ದ ಫ್ರ್ಯಾಂಕ್ ಕಮಿನ್ಸ್ಕಿ ಆವತ್ತು 20 ಪಾಯಿಂಟ್, 11 ರಿಬೌಂಡ್ ತೆಗೆದ. ಒಳ್ಳೆಯ ತಂಡದ ಎದುರು ಒಂದು ದಿನ ಸೋತರು, ಅಷ್ಟೇ. ಮೂವತ್ತೆಂಟು ದಿನ ಸರಿಯಾಗಿದ್ದ ಲೆಕ್ಕ ಒಂದು ಸಂಜೆಗೆ ತಪ್ಪಾಗಿಬಿಡುತ್ತಾ?

ಸಂಘಟಕರು ಚೀಟಿ ಕಳಿಸಿದ್ದಾರೆ. ‘ಹತ್ತು ನಿಮಿಷ’. ನೋಡಿ, ನನ್ನ ನಿಮಿಷಗಳನ್ನೂ ಯಾರೋ ಹಂಚುತ್ತಿದ್ದಾರೆ. ಮೊದಲೇ ಹೇಳಿದ್ದರೆ ಚಿತ್ರಾನ್ನದ ಕಥೆ ಚಿಕ್ಕದು ಮಾಡುತ್ತಿದ್ದೆ. ಇಲ್ಲ, ಸುಳ್ಳು. ಮಾಡುತ್ತಿರಲಿಲ್ಲ.

ಬೇಗ ಬೇಗ ಹೇಳುತ್ತೇನೆ. ನಾರ್ತ್ ಕ್ಯಾರೊಲೈನಾದಲ್ಲಿ ಡೀನ್ ಸ್ಮಿತ್ ಅಂತ ದೊಡ್ಡ ಕೋಚ್ ಇದ್ದರು, 1961ರಿಂದ 1997ರವರೆಗೆ. ಅವರ ತಂಡದಲ್ಲಿ ಒಂದು ಸನ್ನೆ ಇತ್ತು. ಆಡುತ್ತಿರುವವನು ಸುಸ್ತಾದರೆ ಮುಷ್ಟಿ ಎತ್ತಬೇಕು. ಕೂಡಲೇ ಹೊರಗೆ ಕರೆಯುತ್ತಾರೆ. ಇದರಲ್ಲಿ ಒಂದು ಒಪ್ಪಂದ ಇದೆ: ಮುಷ್ಟಿ ಎತ್ತಿ ತಾನೇ ಹೊರಗೆ ಬಂದವನು, ಸುಧಾರಿಸಿಕೊಂಡ ಮೇಲೆ ತಾನೇ ಹೇಳಿ ವಾಪಸ್ ಹೋಗಬಹುದು. ಮುಷ್ಟಿ ಎತ್ತದೆ ಎಳೆದಾಡಿಕೊಂಡು ಆಡಿ, ಕೋಚೇ ಹೊರಗೆ ಕರೆದರೆ, ಮತ್ತೆ ಯಾವಾಗ ಅಂತ ಹೇಳುವವರು ಕೋಚು. ಎಂಥ ಜಾಣತನ ನೋಡಿ! ನಮ್ಮ ಹುಡುಗರು ಯಾಕೆ ಸುಸ್ತಾದರೂ ಹೇಳುವುದಿಲ್ಲ? ಹೊರಗೆ ಬಂದರೆ ಮತ್ತೆ ಒಳಗೆ ಹೋಗುವ ಖಾತ್ರಿ ಇಲ್ಲ, ಅದಕ್ಕೆ. ನಮ್ಮ ಟೀಮಿನಲ್ಲಿ ಇದನ್ನು ತಂದೆ. ಮೊದಲ ತಿಂಗಳು ಒಬ್ಬನೂ ಮುಷ್ಟಿ ಎತ್ತಲಿಲ್ಲ. ಒಬ್ಬ ಎತ್ತಿದ, ಎರಡು ನಿಮಿಷ ಬಿಟ್ಟು ಅವನೇ ‘ಸಾರ್, ಹೋಗ್ಲಾ’ ಅಂದ, ಕಳಿಸಿದೆ. ಮುಂದಿನ ಮ್ಯಾಚಿನಲ್ಲಿ ನಾಲ್ಕು ಮುಷ್ಟಿ ಒಟ್ಟಿಗೆ ಎದ್ದವು. ಅದೂ ಒಂದು ಸಮಸ್ಯೆಯೇ ಅನ್ನಿ.

ಹೆಣ್ಣುಮಕ್ಕಳ ಆಟ ಬಿಟ್ಟರೆ ತಪ್ಪಾಗುತ್ತದೆ. ಸೌತ್ ಕ್ಯಾರೊಲೈನಾದ ಕೋಚ್ ಡಾನ್ ಸ್ಟೇಲಿ, 2024ರ ಫೈನಲ್, ಎದುರಿಗೆ ಐಯೋವಾ. ಐಯೋವಾದ ಕೇಟ್ಲಿನ್ ಕ್ಲಾರ್ಕ್ ಮೊದಲ ಕ್ವಾರ್ಟರಿನಲ್ಲೇ 18 ಪಾಯಿಂಟ್ ಹೊಡೆದಳು. ಆಟ ಮುಗಿದಾಗ ಅವಳದ್ದು 30. ಉಳಿದ ಮೂರು ಕ್ವಾರ್ಟರ್ ಸೇರಿ 12 ಮಾತ್ರ. ಅವಳ ಮೇಲೆ ಒಬ್ಬರಾದ ಮೇಲೊಬ್ಬರನ್ನು ಬಿಡುತ್ತಾ ಹೋದರು ಸ್ಟೇಲಿ. ಎರಡೂ ತಂಡಗಳ ಬೆಂಚಿನಿಂದ ಬಂದ ಪಾಯಿಂಟ್ ನೋಡಿ: ಸೌತ್ ಕ್ಯಾರೊಲೈನಾ 37, ಐಯೋವಾ ಸೊನ್ನೆ. ಮ್ಯಾಚ್ 87-75. ಆ ವರ್ಷ 38ಕ್ಕೆ 38 ಗೆದ್ದರು. ಹಿಂದಿನ ಸಾಲಿನವರೇ, ಬರೆದುಕೊಳ್ಳಿ, ನಿಮಗೋಸ್ಕರವೇ ಇದನ್ನು ಇಟ್ಟುಕೊಂಡಿದ್ದೆ.

ಇನ್ನು ಫೌಲ್ ಲೆಕ್ಕ, ಅಂದರೆ ಎರಡು ಫೌಲ್ ಆದವನನ್ನು ಹಾಫ್‌ಟೈಮ್‌ವರೆಗೆ ಕೂರಿಸಬೇಕಾ ಬೇಡವಾ ಅನ್ನುವುದರ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಅಂತಿದ್ದೆ. ನನ್ನ ಅಭಿಪ್ರಾಯ: ನಾವು ಹೆದರಿಕೊಂಡು ಜಾಸ್ತಿ ಹೊತ್ತು ಕೂರಿಸುತ್ತೇವೆ. ಕಾರಣ ಕಾಫಿ ಬ್ರೇಕಿನಲ್ಲಿ ಕೇಳಿ.

ಟ್ರಾನ್ಸ್‌ಫರ್ ವಿಷಯ. ಅಮೆರಿಕದಲ್ಲಿ 2021ರಿಂದ ಹುಡುಗರು ಒಂದು ವರ್ಷ ಕಾಯದೆ ಕಾಲೇಜು ಬದಲಾಯಿಸಬಹುದು. ಆಟ ಸಿಗದವನು ಮಾರ್ಚ್ ಕಳೆಯುತ್ತಿದ್ದ ಹಾಗೆ ಗಂಟುಮೂಟೆ ಕಟ್ಟುತ್ತಾನೆ. ಕ್ಯಾಲಿಪರಿ ಕಾಲದ ಹಾಗೆ ಹತ್ತು ಜನರನ್ನು ಹಿಡಿದಿಟ್ಟುಕೊಳ್ಳುವುದು ಈಗ ಇನ್ನೂ ಕಷ್ಟ. ನಮ್ಮ ಹುಡುಗ ಎಲ್ಲಿಗೂ ಹೋಗುವುದಿಲ್ಲ, ಸುಮ್ನೆ ಪ್ರಾಕ್ಟೀಸಿಗೆ ಬರುವುದು ನಿಲ್ಲಿಸುತ್ತಾನೆ. ಲ್ಯಾಬ್ ಇದೆ ಸಾರ್, ಅಜ್ಜಿಗೆ ಹುಷಾರಿಲ್ಲ ಸಾರ್. ಮೂರನೇ ಸಲ ಅಜ್ಜಿಗೆ ಹುಷಾರು ತಪ್ಪಿದಾಗ ನೀವು ಆಸ್ಪತ್ರೆಗೆ ಹೋಗುವುದು ಬೇಡ. ನಿಮ್ಮ ಸ್ಕೋರ್ ಶೀಟ್ ತೆಗೆದು ಅವನು ಎಷ್ಟು ನಿಮಿಷ ಆಡಿದ್ದಾನೆ ನೋಡಿ. ನಿಮಿಷ ಬರೆದಿಡುವ ಅಭ್ಯಾಸವೇ ನಮ್ಮಲ್ಲಿಲ್ಲ, ಅಲ್ವಾ? ಪಾಯಿಂಟ್ ಬರೆಯುತ್ತೇವೆ, ಫೌಲ್ ಬರೆಯುತ್ತೇವೆ. ಈ ಸೀಸನ್ನಿಗೆ ಒಬ್ಬ ಹುಡುಗನ ಕೈಗೆ ಸ್ಟಾಪ್‌ವಾಚ್ ಮತ್ತು ಒಂದು ನೋಟ್‌ಬುಕ್ ಕೊಡಿ. ನಾನು ಕೊಟ್ಟ ವರ್ಷ ನನ್ನ ಹನ್ನೆರಡನೆಯವನ ಲೆಕ್ಕ ನೋಡಿ ನನಗೇ ನಾಚಿಕೆ ಆಯಿತು. ಒಂಬತ್ತು ಮ್ಯಾಚಿಗೆ ಏಳು ನಿಮಿಷ. ಎಲ್ಲರಿಗೂ ಆಟ ಕೊಡುತ್ತಿದ್ದೇನೆ ಅಂತ ಅಂದುಕೊಂಡಿದ್ದೆ ನಾನು! ಅವತ್ತೇ ಸಂಜೆ ಅವನನ್ನು ಕರೆದೆ. ಎದುರಿಗೆ ಕೂರಿಸಿಕೊಂಡು ಆ ನೋಟ್‌ಬುಕ್ ತೋರಿಸಿದೆ. ‘ಗೊತ್ತು ಸಾರ್, ಆರು ಮುಕ್ಕಾಲು’ ಅಂದ. ಅವನೂ ಲೆಕ್ಕ ಇಟ್ಟಿದ್ದ.

ಎರಡನೇ ಚೀಟಿ ಬಂತು. ಇನ್ನೂ ಎರಡು ಪುಟ ಉಳಿದಿದೆ, ಮಡಚಿ ಜೇಬಿಗೆ ಹಾಕುತ್ತಿದ್ದೇನೆ. ಮುಂದಿನ ಉಪನ್ಯಾಸಕರು ಆಗಲೇ ಟೇಬಲ್ ಹತ್ತಿರ ಬಂದು ನಿಂತಿದ್ದಾರೆ, ಫೈಲ್ ಕಂಕುಳಲ್ಲಿ ಇಟ್ಟುಕೊಂಡು. ಅವರನ್ನು ಹಾರ್ನ್ ಹೊಡೆಯುವವರೆಗೆ ನಿಲ್ಲಿಸಿದ ಪಾಪ ನನಗೆ ಬೇಡ. ಬನ್ನಿ ಸಾರ್, ಬಾಲ್ ಡೆಡ್ ಆಗಿದೆ.